ಆ ಹೆಡ್ ಯಾಕೆ ಕೆಳಗಿಳಿಯಿತು ಅಂತ ಕೇಳು

ಅಳಿಯಾ,

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಊರ ಸುದ್ದಿಯೆಲ್ಲ ಮುಗಿದ ಮೇಲೆ, 'ನಿನ್ನ ಅಳಿಯ ಲಾರಿಗೆ ಬೇರೆ ಎಂಜಿನ್ ಕೂರಿಸ್ತಾನಂತೆ, ಎಂಥದೋ ಹೆಡ್ ತರೋಕೆ ಬೆಂಗಳೂರಿಗೆ ಹೊರಟಿದ್ದಾನೆ, ದುಡ್ಡು ಕೊಟ್ಟು ಬರೋದಕ್ಕೆ ಮೊದಲು ನೀನೊಂದು ಮಾತು ಹೇಳು' ಅಂದಳು. ಆಮೇಲೆ ನೀನು ಕಳಿಸಿದ ಫೋಟೋಗಳನ್ನೂ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಓದಿ ಜೇಬಿನಲ್ಲಿಟ್ಟುಕೊಂಡು ಹೋಗು.

ನಿನ್ನ ಲೆಕ್ಕಾಚಾರ ನನಗೆ ತಿಳಿಯುತ್ತದೆ. ನಿನ್ನ 1613 ಲಾರಿಯಲ್ಲಿ ಇದ್ದದ್ದು ಟಾಟಾ 697 ಎಂಜಿನ್ನು. ಆರು ಸಿಲಿಂಡರು, 97 ಮಿಲಿಮೀಟರ್ ಬೋರು, ಅದರ ಹೆಸರಿನಲ್ಲೇ ಅಷ್ಟೂ ಇದೆ. ಅದರ ಬ್ಲಾಕು ಸೀಳಿದ ಮೇಲೆ ಅದಕ್ಕೇ ಮತ್ತೆ ದುಡ್ಡು ಸುರಿಯೋ ಬದಲು ಕಮ್ಮಿನ್ಸ್ 6ಬಿಟಿ ಕೂರಿಸೋಣ ಅಂದುಕೊಂಡೆ. ಒಳ್ಳೆಯ ಯೋಚನೆ. ದಾವಣಗೆರೆಯ ಸ್ನೇಹಿತನ ಶೆಡ್ಡಿನಲ್ಲಿ ಕ್ರ್ಯಾಂಕು, ಪಿಸ್ಟನ್ನು ಸಮೇತ ಬ್ಲಾಕು ಸಿಕ್ಕಿತು. ಸಿಲಿಂಡರ್ ಹೆಡ್ ಮಾತ್ರ ಇಲ್ಲ. ಬೆಂಗಳೂರಿನ ಗುಜರಿಯಲ್ಲಿ ಯಾರೋ ಓಡಿದ ಹೆಡ್ ಇದೆ ಅಂದರು, ಕಂಪನಿಯದಲ್ಲ, ಹೊರಗಿನದು, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆ. ಇಷ್ಟು ತಾನೆ?

ಹಾಗಾದರೆ ನಾನು ಮೊದಲು ಕೇಳೋದು ಗುಜರಿಯ ಹೆಡ್ಡಿನ ಬಗ್ಗೆ ಅಲ್ಲ, ದಾವಣಗೆರೆಯ ಬ್ಲಾಕಿನ ಬಗ್ಗೆ. ಅದರ ಹೆಡ್ ಎಲ್ಲಿ ಹೋಯಿತು? ಚೆನ್ನಾಗಿರೋ ಎಂಜಿನ್ನಿನಿಂದ ಹೆಡ್ ಬಿಚ್ಚಿ ಯಾರೂ ಮೂಲೆಗಿಡೋದಿಲ್ಲ. ಒಂದೋ ಅದು ಸೀಳಿರಬೇಕು, ಇಲ್ಲವೇ ಯಾರಿಗೋ ತುರ್ತಿಗೆ ಬೇಕಾಗಿ ಮಾರಿರಬೇಕು. ಸೀಳಿದ್ದಾದರೆ ಯಾಕೆ ಸೀಳಿತು? ಕಾದು ಸೀಳಿತೇ? ಹಾಗೆ ಕಾದಿದ್ದರೆ ಬ್ಲಾಕಿನ ಮೇಲ್ಮುಖವೂ ಸೊಟ್ಟಗಾಗಿರಬಹುದು. 6ಬಿಟಿಗೆ ನಿನ್ನ 697ರ ಹಾಗೆ ಲೈನರ್ ಇಲ್ಲ, ಬ್ಲಾಕಿನ ಕಬ್ಬಿಣವನ್ನೇ ಕೊರೆದು ಬೋರು ಮಾಡಿರುತ್ತಾರೆ, ಅಲ್ಲಿ ಗೀರು ಬಿದ್ದಿದ್ದರೆ ರೀಬೋರೇ ಗತಿ. ಸ್ನೇಹಿತನನ್ನು ಸಂಕೋಚಪಡದೆ ಕೇಳು. ಅವನಿಗೂ ಗೊತ್ತಿಲ್ಲ ಅಂದರೆ ಬ್ಲಾಕನ್ನೂ ನಮ್ಮ ಲೇತಿಗೆ ತಂದುಬಿಡು. ನಾನು ಈ ಇಡೀ ಕಾಗದದಲ್ಲಿ ಹೇಳಬೇಕು ಅಂದುಕೊಂಡಿರೋದು ಆ ಒಂದೇ ಪ್ರಶ್ನೆ. ಎಂಜಿನ್ನಿನಿಂದ ಕೆಳಗಿಳಿದ ಪ್ರತಿಯೊಂದು ಹೆಡ್ಡಿಗೂ ಇಳಿದದ್ದಕ್ಕೆ ಒಂದು ಕಾರಣ ಇರುತ್ತದೆ. ಆ ಕಾರಣ ತಿಳಿಯೋವರೆಗೆ ಜೇಬಿಗೆ ಕೈ ಹಾಕಬೇಡ.

ಈಗ ಹೊರಗಿನ ಹೆಡ್ಡಿನ ಮಾತು. 6ಬಿಟಿ ಅನ್ನೋದು ಲೋಕವೆಲ್ಲ ಓಡಿದ ಎಂಜಿನ್ನು. 102 ಮಿಲಿಮೀಟರ್ ಬೋರು, 120 ಸ್ಟ್ರೋಕು, ಒಟ್ಟು 5883 ಸಿಸಿ. ಟಾಟಾ ಮತ್ತು ಕಮ್ಮಿನ್ಸ್ ಸೇರಿ ಜಮ್‌ಶೆಡ್‌ಪುರದಲ್ಲಿ ಕಂಪನಿ ಮಾಡಿದ್ದು 1993ರಲ್ಲಿ. ಅದಕ್ಕೂ ಮೊದಲೇ, 1989ರಿಂದ, ಅಮೆರಿಕದಲ್ಲಿ ಡಾಡ್ಜ್ ಪಿಕಪ್ಪಿಗೆ ಇದೇ ಎಂಜಿನ್ನು ಹಾಕುತ್ತಿದ್ದರು. ಅಲ್ಲಿಯವರೂ ಇದನ್ನು ಕಿತ್ತು ಬೇರೆ ಗಾಡಿಗೆ ಕೂರಿಸಿಕೊಳ್ಳುತ್ತಾರೆ, ನೀನು ಹೊರಟ ಹಾಗೆಯೇ. ಇಷ್ಟು ಬೇಡಿಕೆ ಇರೋ ಎಂಜಿನ್ನಿಗೆ ಕಂಪನಿಯ ಹೊರಗೆ ಹೆಡ್ ಎರಕ ಹೊಯ್ಯೋರು ಬಹಳ ಮಂದಿ ಹುಟ್ಟಿಕೊಳ್ಳುವುದು ಸಹಜ. ಹೊರಗಿನದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ನಮ್ಮ ಬೆಳಗಾವಿಯ ಫೌಂಡ್ರಿಗಳ ಕೆಲಸ ನೋಡಿದ್ದೇನೆ. ಬಾಡಿಗೆಯ ಕೆಲಸದ ಮೇಲೆ ಹೋದಾಗ ಅರ್ಧ ದಿನ ನಿಂತು ನೋಡಿದ್ದೇನೆ. ಮನಸ್ಸಿಟ್ಟು ಮಾಡಿದ ಎರಕ ಯಾವ ಕಂಪನಿಯದಕ್ಕೂ ಕಡಿಮೆಯಿಲ್ಲ.

ಆದರೆ ಹೆಡ್ ಅನ್ನೋದು ಎರಕದಲ್ಲಿ ಕಷ್ಟದ ವಸ್ತು. ಹೊರಗಿಂದ ನೋಡಿದರೆ ಒಂದು ಕಬ್ಬಿಣದ ದಿಮ್ಮಿ. ಒಳಗೆ ನೀರು ಓಡೋ ದಾರಿ, ಗಾಳಿ ಬರೋ ದಾರಿ, ಹೊಗೆ ಹೋಗೋ ದಾರಿ, ಎಲ್ಲ ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತವೆ. ಆ ಟೊಳ್ಳುಗಳಿಗೆಲ್ಲ ಮರಳಿನ ಕೋರು ಮಾಡಿ ಅಚ್ಚಿನೊಳಗೆ ಇಟ್ಟು, ಸುತ್ತ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಹೊಯ್ಯುವಾಗ ಕೋರು ಒಂದೆರಡು ಮಿಲಿಮೀಟರ್ ಸರಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗೆ ಅದು ಕಾಣೋದಿಲ್ಲ. ಲೋಡು ಹೊತ್ತು ಘಾಟಿ ಹತ್ತುವಾಗ ಆ ತೆಳುವಾದ ಕಡೆಯೇ ಮೊದಲು ಬಿಡುತ್ತದೆ. ಅದಕ್ಕೇ ಹೆಡ್ಡನ್ನು ತಿರುಗಿಸಿ ನೀರಿನ ತೂತುಗಳೊಳಗೆ ಟಾರ್ಚು ಬಿಟ್ಟು ನೋಡು. ತೂತಿನ ಅಂಚಿನ ಕಬ್ಬಿಣ ಸುತ್ತಲೂ ಒಂದೇ ದಪ್ಪ ಇದೆಯೇ? ಆರೂ ಸಿಲಿಂಡರಿನ ಪೋರ್ಟುಗಳು ಒಂದೇ ಆಕಾರದಲ್ಲಿವೆಯೇ? ಒಳಗೆ ಮರಳು ಸುಟ್ಟು ಅಂಟಿಕೊಂಡಿದೆಯೇ? ಒಂದು ತೆಳುವಾದ ತಂತಿ ಹಾಕಿ ಕೆರೆದು ನೋಡು. ಮರಳು ಉದುರಿದರೆ ಆ ಹೆಡ್ ಮಾಡಿದವನಿಗೆ ಅವಸರ ಇತ್ತು ಅಂತ ತಿಳಿದುಕೋ.

ಓಡಿದ ಹೆಡ್ಡಿನಲ್ಲಿ ಒಂದು ಲಾಭವೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೊಸದಾಗಿ ಪೆಟ್ಟಿಗೆಯಿಂದ ತೆಗೆದ ಹೊರಗಿನ ಹೆಡ್ ಹೇಗೆ ಬಾಳುತ್ತದೋ ಯಾರಿಗೂ ಗೊತ್ತಿರೋದಿಲ್ಲ. ಒಂದು ಲಕ್ಷ ಕಿಲೋಮೀಟರು ಓಡಿ, ನೂರಾರು ಸಲ ಕಾದು ತಣ್ಣಗಾಗಿ, ಆಮೇಲೂ ಸೀಳದೆ ಇರೋ ಹೆಡ್ಡಿನ ಎರಕ ಗಟ್ಟಿ ಅನ್ನೋದರಲ್ಲಿ ಅನುಮಾನ ಬೇಡ. ಎಫ್‌ಸಿ ಮುಗಿದು ಗುಜರಿಗೆ ಬಂದ ಲಾರಿಯದ್ದೋ, ಹಿಂದಿನಿಂದ ಗುದ್ದಿಸಿಕೊಂಡು ಚಾಸಿ ಮುರಿದ ಲಾರಿಯದ್ದೋ ಆಗಿದ್ದರೆ ಧೈರ್ಯವಾಗಿ ಮುಂದಿನ ಮಾತಾಡು. ರೀಕಂಡೀಷನ್ ಅಂಗಡಿಯ ಮೂಲೆಯಿಂದ ಎದ್ದು ಬಂದದ್ದಾದರೆ ಅಲ್ಲಿಗೆ ಅದು ಯಾವುದೋ ಕಾಯಿಲೆಗೇ ಹೋಗಿತ್ತು. ನೋಡು, ಮತ್ತೆ ಅದೇ ಪ್ರಶ್ನೆಗೆ ಬಂದೆವು.

2011ರ ಜುಲೈಯಲ್ಲಿ ಬಳ್ಳಾರಿಯ ಗಣಿಗಳಿಗೆ ಸುಪ್ರೀಂ ಕೋರ್ಟು ತಡೆ ಹಾಕಿದಾಗ ನೀನಿನ್ನೂ ಶಾಲೆಗೆ ಹೋಗ್ತಿದ್ದೆ. ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೀತಿದ್ದ ಲಾರಿಗಳು ಸಾಲುಸಾಲಾಗಿ ನಿಂತುಹೋದವು. ಕಂತು ಕಟ್ಟಲಾರದೆ ಮಾರಿದವರು, ಬಿಡಿಬಿಡಿಯಾಗಿ ಬಿಚ್ಚಿ ಕೊಟ್ಟವರು ಎಷ್ಟೋ ಜನ. ಆ ಎರಡು ಮೂರು ವರ್ಷ ನಮ್ಮ ಲೇತಿಗೆ ಬಂದ ಹೆಡ್ಡುಗಳ ನೀರಿನ ತೂತುಗಳಲ್ಲಿ, ಬೋಲ್ಟಿನ ತೂತುಗಳಲ್ಲಿ, ಎಲ್ಲಿ ಕೆರೆದರೂ ಕುಂಕುಮದಂಥ ಕೆಂಪು ಧೂಳು. ಕೇಳೋದೇ ಬೇಡ, ಎಲ್ಲಿಂದ ಬಂತು ಅಂತ ಅದೇ ಹೇಳುತ್ತಿತ್ತು. ಓವರ್‌ಲೋಡಿನಲ್ಲಿ ದುಡಿದು, ಧೂಳು ಕುಡಿದು ಬಂದವು ಅವು. ಅದರಲ್ಲೂ ಕೆಲವು ಅಪ್ಪಟವಾಗಿದ್ದವು. ಗಾಡಿ ನಿಂತದ್ದು ಕೋರ್ಟಿನ ಕಾರಣಕ್ಕೆ ಹೊರತು ಎಂಜಿನ್ನಿನ ದೋಷಕ್ಕಲ್ಲವಲ್ಲ. ಇನ್ನು ಕೆಲವಕ್ಕೆ ವಾಲ್ವಿನ ಗೈಡು ಎಷ್ಟು ಸವೆದಿತ್ತೆಂದರೆ ವಾಲ್ವು ಹಿಡಿದು ಅಲ್ಲಾಡಿಸಿದರೆ ಹಾಲು ಹಲ್ಲಿನ ಹಾಗೆ ಆಡುತ್ತಿತ್ತು. ಧೂಳು ಫಿಲ್ಟರಿನಿಂದ ದಾಟಿ ಬಂದದ್ದರ ಫಲ ಅದು.

ಅದಕ್ಕೇ ಹೇಳ್ತೇನೆ, ತೊಳೆದ ಹೆಡ್ ಕೊಳ್ಳಬೇಡ. ಬಿಚ್ಚಿದ ಹಾಗೇ, ಮಸಿ ಸಮೇತ ಇರೋದನ್ನು ತೋರಿಸು ಅಂತ ಕೇಳು. ಬಿಸಿ ಸೋಡಾ ನೀರಿನಲ್ಲಿ ಮುಳುಗಿಸಿ, ವೈರ್ ಬ್ರಶ್ ಹೊಡೆದು, ಮೇಲೆ ಬೆಳ್ಳಿ ಬಣ್ಣವೋ ಹಸಿರು ಬಣ್ಣವೋ ಬಳಿದು ನಿಲ್ಲಿಸಿದ ಹೆಡ್ಡು ನೋಡೋಕೆ ಮದುಮಗಳ ಹಾಗಿರುತ್ತದೆ. ಆದರೆ ಓದಬೇಕಾದ ಅಕ್ಷರವನ್ನೆಲ್ಲ ಅವರು ಅಳಿಸಿಬಿಟ್ಟಿರುತ್ತಾರೆ. ಮಸಿ ಇದ್ದರೆ ನಿನಗೆ ಓದೋಕೆ ಬರುತ್ತದೆ. ಹೇಗೆ ಅಂತ ಹೇಳ್ತೇನೆ, ಇದನ್ನು ಸರಿಯಾಗಿ ಗಮನವಿಟ್ಟು ಓದು.

ಹೆಡ್ಡನ್ನು ಅಂಗಾತ ಮಾಡು. ಪಿಸ್ಟನ್ನಿನ ಕಡೆ ಮುಖ ಇರುವ ಆರು ವೃತ್ತಗಳನ್ನು ನೋಡು. ಆರರಲ್ಲೂ ಒಂದೇ ತರಹದ, ಕೈಗೆ ಒಣಗಿ ಬರೋ ಮಸಿ ಇದ್ದರೆ ಆ ಎಂಜಿನ್ನು ಆರು ಕಾಲಿನಲ್ಲೂ ಒಂದೇ ಸಮ ಓಡಿದೆ. ಐದರಲ್ಲಿ ಮಸಿ ಇದ್ದು ಒಂದು ಮಾತ್ರ ಉಜ್ಜಿ ತೊಳೆದ ಪಾತ್ರೆಯ ಹಾಗೆ ಬೆಳ್ಳಗಿದ್ದರೆ ಅದನ್ನು ಚೆಂದ ಅಂತ ತಿಳಿಯಬೇಡ. ಆ ಸಿಲಿಂಡರಿಗೆ ನೀರು ನುಗ್ಗುತ್ತಿತ್ತು, ಆವಿಯಾಗಿ ಮಸಿಯನ್ನೆಲ್ಲ ತೊಳೆದು ಹಾಕಿದೆ. ಸೀಳಿದ್ದು ಅಲ್ಲೇ ಎಲ್ಲೋ ಇದೆ, ಇಲ್ಲವೇ ಗ್ಯಾಸ್ಕೆಟ್ ಹೋಗಿತ್ತು. ಒಂದರಲ್ಲಿ ಒದ್ದೆಯಾದ, ಜಿಡ್ಡು ಜಿಡ್ಡಾದ ಮಸಿ ಇದ್ದರೆ ಎಣ್ಣೆ ಇಳಿದಿದೆ. ಅದು ಗೈಡಿನಿಂದಲೂ ಇಳಿದಿರಬಹುದು, ಕೆಳಗಿನ ರಿಂಗಿನದೂ ಇರಬಹುದು. ಎರಡು ವೃತ್ತಗಳ ನಡುವಿನ ಸಣ್ಣ ಜಾಗದಲ್ಲಿ ಕರೀ ಗೆರೆ ಹಾದುಹೋಗಿದ್ದರೆ ಗ್ಯಾಸ್ಕೆಟ್ ಊದಿ ಬೆಂಕಿ ಅತ್ತಿಂದಿತ್ತ ಓಡಾಡಿದೆ. ಆ ಜಾಗದಲ್ಲಿ ಕಬ್ಬಿಣವೇ ಸವೆದು ಹಳ್ಳವಾಗಿರುತ್ತದೆ. ಉಗುರು ಆಡಿಸಿ ನೋಡು, ತಾಗುತ್ತದೆ.

ಆಮೇಲೆ ಸೀಳು. ಈ ಹೆಡ್ಡುಗಳು ಹೆಚ್ಚಾಗಿ ಬಿಡೋದು ಇನ್ಲೆಟ್ ಸೀಟು ಮತ್ತು ಎಗ್ಸಾಸ್ಟ್ ಸೀಟಿನ ನಡುವೆ ಇರೋ ಸಣ್ಣ ಸೇತುವೆಯಂಥ ಜಾಗದಲ್ಲಿ. ಒಂದು ಕಡೆ ತಂಪು ಗಾಳಿ, ಇನ್ನೊಂದು ಕಡೆ ಕೆಂಡದಂಥ ಹೊಗೆ, ನಡುವೆ ಬೆರಳಗಲದ ಕಬ್ಬಿಣ. ಇಂಜೆಕ್ಟರಿನ ತೂತಿನಿಂದ ಸೀಟಿನ ಕಡೆಗೂ ಗೆರೆ ಹೋಗುತ್ತದೆ. ಬರಿಗಣ್ಣಿಗೆ ಅದು ಕೂದಲಿಗಿಂತ ತೆಳು. ಅಂಗಡಿಯಲ್ಲೇ ನಿಂತು ಮಾಡಬಹುದಾದ ಪರೀಕ್ಷೆ ಒಂದಿದೆ, ನನಗೆ ನನ್ನ ಗುರು ಹೇಳಿಕೊಟ್ಟದ್ದು. ಆ ಜಾಗವನ್ನು ಉಜ್ಜಿ, ಸೀಮೆಎಣ್ಣೆಯನ್ನೋ ಡೀಸೆಲನ್ನೋ ಹಚ್ಚಿ ಹತ್ತು ನಿಮಿಷ ಬಿಡು. ಚಿಂದಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸು. ಮೇಲೆ ಚಾಕ್‌ಪೀಸನ್ನು ಪುಡಿ ಮಾಡಿ ಉದುರಿಸು. ಸೀಳು ಇದ್ದರೆ ಅದರೊಳಗೆ ಹೊಕ್ಕಿದ್ದ ಎಣ್ಣೆ ಮೆಲ್ಲಗೆ ಮೇಲೆ ಬಂದು ಬಿಳೀ ಪುಡಿಯ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ. ಮೂಡುವುದನ್ನು ಕಣ್ಣಾರೆ ನೋಡಬಹುದು. ಮೊದಲ ಸಲ ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಇನ್ನೊಂದು, ಸಣ್ಣ ಸುತ್ತಿಗೆಯಿಂದ ಹೆಡ್ಡಿನ ತುದಿಗೆ ತಟ್ಟಿ ಕೇಳು. ಅವ್ವ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡ್ತಿದ್ದಳಲ್ಲ, ಹಾಗೆ. ಗಟ್ಟಿ ಎರಕ ಠಣ್ ಅನ್ನುತ್ತದೆ. ಸೀಳಿದ್ದರೆ ಶಬ್ದ ಒಡೆದು ಬರುತ್ತದೆ. ಇದೊಂದನ್ನೇ ನಂಬಿ ಕೊಳ್ಳಬೇಡ, ಆದರೆ ಒಡಕು ಶಬ್ದ ಕೇಳಿಸಿದರೆ ಅಲ್ಲಿಂದ ಎದ್ದು ಬಾ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಂದು ಸಲ ಇದನ್ನೆಲ್ಲ ಬಿಟ್ಟು ಕೆಟ್ಟಿದ್ದೇನೆ. 1998ರಲ್ಲಿ, ನಿನ್ನ ಅಮ್ಮನ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ಒಬ್ಬ ಓನರು ತನ್ನ 1210ಕ್ಕೆ ಹೆಡ್ ಬೇಕು, ಎರಡು ದಿನದಲ್ಲಿ ಗಾಡಿ ರೋಡಿಗೆ ಬೀಳಬೇಕು ಅಂದ. ಮಂಗಳೂರಿಗೆ ಈರುಳ್ಳಿ ಲೋಡು ಒಪ್ಪಿಕೊಂಡಿದ್ದ. ನಾನು ಒಂದು ಗುಜರಿಗೆ ಹೋಗಿ, ಬಣ್ಣ ಬಳಿದು ಇಟ್ಟಿದ್ದ ಹೆಡ್ ನೋಡಿ, ಚೆನ್ನಾಗಿದೆ ಅಂತ ಅಂದುಕೊಂಡು ತಂದು ರಾತ್ರಿಯೆಲ್ಲ ಕೂತು ಕೂರಿಸಿದೆ. ಲೇತಿಗೆ ಹಾಕಿ ಪರೀಕ್ಷೆ ಮಾಡಿಸೋಕೆ ಅರ್ಧ ದಿನ ಬೇಕಿತ್ತು, ಆ ಅರ್ಧ ದಿನ ಉಳಿಸಿದೆ. ಹಾಸನ ದಾಟುವವರೆಗೆ ಗಾಡಿ ಹೂವಿನ ಹಾಗೆ ಓಡಿತಂತೆ. ಸಕಲೇಶಪುರ ಬಿಟ್ಟು ಶಿರಾಡಿ ಘಾಟಿಯ ತಿರುವುಗಳಲ್ಲಿ ಬಿಸಿಯಾಗಲು ಶುರುವಾಯಿತು. ಡ್ರೈವರು ಹೆದರಿ ನಿಲ್ಲಿಸಿ, ಪಕ್ಕದ ಹಳ್ಳದಿಂದ ತಣ್ಣೀರು ತಂದು ಕಾದ ಎಂಜಿನ್ನಿನ ಮೇಲೇ ಸುರಿದುಬಿಟ್ಟ. ಇನ್ನೇನು ಉಳಿದಿತ್ತೋ ಅದೂ ಸೀಳಿತು. ನಾನು ಬಸ್ಸು ಹತ್ತಿ ಸಾಮಾನು ಹೊತ್ತು ಹೋಗೋ ಹೊತ್ತಿಗೆ ಮಾರನೆಯ ಮಧ್ಯಾಹ್ನ. ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ರಾಗಿ ಅಂಬಲಿಯ ಹಾಗಿತ್ತು. ಮಳೆ ಬೇರೆ. ತಾಡಪಾಲಿನ ಕೆಳಗೆ ಈರುಳ್ಳಿ ಬೆವರೋಕೆ ಶುರುವಾಗಿ ವಾಸನೆ ಬರುತ್ತಿತ್ತು. ಬಿಚ್ಚಿ ನೋಡಿದೆ. ಮೂರನೆಯ ಸಿಲಿಂಡರಿನ ಎರಡು ಸೀಟುಗಳ ನಡುವೆ ಸೀಳು. ಅದರ ಮೇಲೆ ಯಾರೋ ಎಂ-ಸೀಲ್ ತುಂಬಿ ಉಜ್ಜಿ ಸಮ ಮಾಡಿದ್ದರು. ಬಿಸಿಗೆ ಅದು ಸುಟ್ಟು ಕಿತ್ತು ಬಂದಿತ್ತು.

ಆ ಓನರಿಗೆ ನನ್ನ ಮಜೂರಿ ವಾಪಸು ಕೊಟ್ಟೆ. ಅವನ ಲೋಡಿನ ನಷ್ಟ ತುಂಬಿಕೊಡೋ ಶಕ್ತಿ ನನಗಿರಲಿಲ್ಲ. ಅವನು ಒಂದು ಮಾತೂ ಬೈಯಲಿಲ್ಲ, ಆದರೆ ಮತ್ತೆಂದೂ ನಮ್ಮ ಗ್ಯಾರೇಜಿಗೆ ಗಾಡಿ ತರಲಿಲ್ಲ. ಇವತ್ತಿಗೂ ಹೆದ್ದಾರಿಯಲ್ಲಿ ಈರುಳ್ಳಿ ಲೋಡಿನ ವಾಸನೆ ಬಂದರೆ ನನಗೆ ಆ ತಿರುವು ಕಣ್ಣ ಮುಂದೆ ಬರುತ್ತದೆ. ನಿನ್ನದು ಸಾಲದ ಗಾಡಿ ಅಳಿಯಾ. ಒಂದು ಲೋಡು ಹೋದರೆ ಒಂದು ಕಂತು ಹೋಯಿತು.

ಹಾಗಾಗಿ ವ್ಯಾಪಾರ ಹೀಗೆ ಮಾಡು. ಬೆಲೆ ಕುದುರಿಸಿದ ಮೇಲೆ ಮುಂಗಡ ಮಾತ್ರ ಕೊಡು. ಲೇತಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸುತ್ತೇನೆ, ಸೀಳು ಕಂಡರೆ ಹೆಡ್ ವಾಪಸು, ದುಡ್ಡು ವಾಪಸು ಅಂತ ಬಿಲ್ಲಿನ ಮೇಲೆ ಬರೆಸಿಕೋ. ಅಂಗಡಿಯವನ ಎದುರೇ ಹೆಡ್ಡಿನ ಪಕ್ಕದಲ್ಲಿ ಸೆಂಟರ್ ಪಂಚಿನಿಂದ ಮೂರು ಚುಕ್ಕೆ ಹಾಕು, ವಾಪಸು ಕೊಡುವಾಗ ಇದು ನನ್ನದಲ್ಲ ಅನ್ನೋ ಜಗಳ ಬೇಡ. ಇದಕ್ಕೆ ಒಪ್ಪೋ ಅಂಗಡಿಯವರು ಜೆ.ಸಿ. ರಸ್ತೆಯಲ್ಲೂ ಇದ್ದಾರೆ, ಶಿವಾಜಿನಗರದಲ್ಲೂ ಇದ್ದಾರೆ. ಒಪ್ಪದವನ ಹತ್ತಿರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಹೋಗುವಾಗ ಕೈಯಲ್ಲಿ ಒಂದು ಹೆಡ್ ಗ್ಯಾಸ್ಕೆಟ್ ಇರಲಿ, ಹಳೆಯದಾದರೂ ಸರಿ, ನಿನ್ನ ಬ್ಲಾಕಿಗೆ ಕೂತದ್ದು. ಮೊದಲು ಅದನ್ನು ಬ್ಲಾಕಿನ ಮೇಲಿಟ್ಟು ಸರಿಯಾಗಿದೆಯೇ ನೋಡು, ಆಮೇಲೆ ಅಲ್ಲಿ ಹೆಡ್ಡಿನ ಮೇಲಿಟ್ಟು ನೋಡು. 26 ಬೋಲ್ಟಿನ ತೂತುಗಳು ಕೂಡಲೇಬೇಕು, ನೀರಿನ ತೂತುಗಳೂ ಕೂಡಬೇಕು. ನೀರಿನ ತೂತಿನ ಅಂಚು ತುಕ್ಕು ತಿಂದು ಗ್ಯಾಸ್ಕೆಟ್ಟಿನ ಬಳೆಯಾಚೆಗೆ ಅಗಲವಾಗಿದ್ದರೆ ನೀರು ನಿಲ್ಲೋದಿಲ್ಲ. ನಿನ್ನದು 12 ವಾಲ್ವಿನ ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನು. ಸಿಲಿಂಡರಿಗೊಂದರಂತೆ ಆರು ಬಿಡಿಬಿಡಿ ರಾಕರ್ ಕವರು ಇರುತ್ತವೆ, ಅದೇ ಗುರುತು. ಆಮೇಲೆ ಬಂದ ಕಾಮನ್ ರೈಲಿನ 24 ವಾಲ್ವಿನ ಹೆಡ್ಡನ್ನೂ 5.9 ಕಮ್ಮಿನ್ಸ್ ಅಂತಲೇ ಮಾರುತ್ತಾರೆ, ಅದು ನಿನಗೆ ಕೆಲಸಕ್ಕೆ ಬಾರದು.

ಇಂಜೆಕ್ಟರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಈ ಎಂಜಿನ್ನಿಗೆ ನಾಝಲಿನ ತುದಿ 9 ಮಿಲಿಮೀಟರಿನದೂ ಬಂದಿದೆ, 7 ಮಿಲಿಮೀಟರಿನದೂ ಬಂದಿದೆ. ಹೆಡ್ಡಿನ ತೂತು ಅದಕ್ಕೆ ತಕ್ಕ ಹಾಗೆ. ನಿನ್ನ ಹತ್ತಿರ ಇರೋ ಇಂಜೆಕ್ಟರ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ದು ಅಲ್ಲೇ ಕೂರಿಸಿ ನೋಡು. ಕೂತ ಮೇಲೆ ತುದಿ ಎಷ್ಟು ಹೊರಗೆ ಬಂದಿದೆ ಅಂತ ಆರೂ ತೂತಿನಲ್ಲಿ ಅಳೆ. ಹೊರಗಿನ ಹೆಡ್ಡುಗಳಲ್ಲಿ ಈ ಆಳ ಒಂದೊಂದರಲ್ಲಿ ಒಂದೊಂದು ತರಹ ಕೊರೆದದ್ದನ್ನು ನಾನು ಕಂಡಿದ್ದೇನೆ. ಹೆಚ್ಚು ಹೊರಬಂದರೆ, ಒಳಗೆ ಸರಿದರೆ, ಡೀಸೆಲ್ ಬೀಳಬೇಕಾದ ಕಡೆ ಬೀಳದೆ ಪಿಸ್ಟನ್ನಿನ ತಲೆ ಸುಡುತ್ತದೆ. ತಾಮ್ರದ ವಾಷರನ್ನು ಎರಡೆರಡು ಹಾಕಿ ಸರಿಮಾಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡ.

ಲೇತಿಗೆ ಬಂದ ಮೇಲಿನದು ನಮ್ಮ ಜವಾಬ್ದಾರಿ, ಆದರೂ ನೀನು ಪಕ್ಕದಲ್ಲಿ ನಿಂತು ನೋಡಬೇಕು. ನೀರಿನ ತೂತುಗಳಿಗೆಲ್ಲ ರಬ್ಬರು, ಪ್ಲೇಟು ಬಿಗಿದು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಸುಮಾರು 40 ಪೌಂಡು ಗಾಳಿ ಬಿಡುತ್ತೇವೆ. ತಣ್ಣೀರಿನಲ್ಲಿ ಮಾಡೋರು ಇದ್ದಾರೆ, ಅದಕ್ಕೆ ನಾನು ಒಪ್ಪೋದಿಲ್ಲ. ತಣ್ಣಗಿದ್ದಾಗ ಬಾಯಿ ಮುಚ್ಚಿರೋ ಸೀಳು ಬಿಸಿಯಾದಾಗಲೇ ತೆರೆದುಕೊಳ್ಳೋದು. ಗುಳ್ಳೆ ಒಂದೇ ಜಾಗದಿಂದ ಸಾಲಾಗಿ ಏಳುತ್ತಿದ್ದರೆ ಅಲ್ಲಿ ಸೀಳಿದೆ. ಕೆಲವೊಮ್ಮೆ ಕೋರ್ ಪ್ಲಗ್ಗಿನಿಂದ ಏಳುತ್ತದೆ, ಅದಕ್ಕೆ ಹೆದರಬೇಡ, ಪ್ಲಗ್ಗು ಬದಲಾಯಿಸಿದರೆ ಮುಗಿಯಿತು.

ಆಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜು ತೂರಿಸಿ ಎಷ್ಟು ಬಾಗಿದೆ ನೋಡುತ್ತೇವೆ. ಬಾಗಿದ್ದರೆ ಫೇಸಿಂಗ್. ಇಲ್ಲೇ ನೀನು ಎಚ್ಚರವಾಗಿರಬೇಕಾದ್ದು. ಈ ಹೆಡ್ಡನ್ನು ನಿನಗಿಂತ ಮೊದಲು ಎಷ್ಟು ಸಲ ಫೇಸಿಂಗ್ ಮಾಡಿದ್ದಾರೋ? ಹೊಸದರಲ್ಲಿ ಸುಮಾರು 95 ಮಿಲಿಮೀಟರ್ ದಪ್ಪ ಇರುತ್ತದೆ. ವರ್ನಿಯರ್ ಹಿಡಿದು ನಾಲ್ಕು ಮೂಲೆಯಲ್ಲೂ ಅಳೆದು ಬರೆದುಕೋ. ಒಂದು ಮೂಲೆಗೂ ಇನ್ನೊಂದಕ್ಕೂ ವ್ಯತ್ಯಾಸ ಬಂದರೆ ಹಿಂದೆ ಯಾರೋ ಓರೆಯಾಗಿ ಹೊಡೆದಿದ್ದಾರೆ. ಒಂದು ಮಿಲಿಮೀಟರ್ ಆಗಲೇ ಹೋಗಿದ್ದರೆ ನಾನು ಇನ್ನು ಮುಟ್ಟೋದಿಲ್ಲ. ಫೇಸಿಂಗ್ ಮಾಡಿದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ, 17.5 ಇರಬೇಕಾದ ಕಂಪ್ರೆಷನ್ ಮೇಲೇರುತ್ತದೆ. 0.25, 0.50 ಮಿಲಿಮೀಟರ್ ಹೆಚ್ಚು ದಪ್ಪದ ಗ್ಯಾಸ್ಕೆಟ್ ಸಿಗುತ್ತದೆ, ಅದರಿಂದ ಸ್ವಲ್ಪ ಸರಿದೂಗಿಸಬಹುದು. ಸೀಟನ್ನು ಹೆಚ್ಚು ಕಟ್ ಮಾಡಿ ವಾಲ್ವು ಬಾವಿಯೊಳಗೆ ಇಳಿದ ಹಾಗೆ ಕೂತಿದ್ದರೆ ಅದೂ ತಪ್ಪೇ, ಉಸಿರಾಟ ಕಡಿಮೆಯಾಗಿ ಗಾಡಿ ಕರೀ ಹೊಗೆ ಬಿಡುತ್ತದೆ.

ಕಂಪನಿಯ ಹಳೇ 12 ವಾಲ್ವಿನ ಹೆಡ್ಡಿನಲ್ಲಿ ಗೈಡು ಬೇರೆಯಾಗಿ ಇರೋದಿಲ್ಲ, ಹೆಡ್ಡಿನಲ್ಲೇ ಕೊರೆದಿರುತ್ತದೆ. ಸವೆದರೆ ಕೊರೆದು ಬುಷ್ ಹಾಕಬೇಕು, ಹನ್ನೆರಡಕ್ಕೂ. ಇದೆಲ್ಲ ಕೆಲಸ ಸೇರಿಸಿದರೆ ಏನಾಗುತ್ತದೆ ಅಂತ ನೀನೇ ಕೂಡಿಸು. ಗುಜರಿಯ ಬೆಲೆ, ಬೆಂಗಳೂರಿಗೆ ಹೋಗಿಬಂದ ಖರ್ಚು, ಟೆಸ್ಟು, ಫೇಸಿಂಗು, ಬುಷ್ಷು, ಸೀಟು, ಬೇಕಾದರೆ ಹೊಸ ವಾಲ್ವು, ಸ್ಪ್ರಿಂಗು. ಇವನ್ನೆಲ್ಲ ಕೂಡಿಸಿದ ಮೇಲೆ ಹೊಸ ಹೆಡ್ಡಿನ ಮುಕ್ಕಾಲು ಭಾಗ ದಾಟಿದರೆ ನಾನಂತೂ ಹೊಸದನ್ನೇ ತೆಗೆದುಕೋ ಅನ್ನುತ್ತೇನೆ. ದುಡ್ಡಿಗೆ ಕೊರತೆ ಬಿದ್ದರೆ ನನ್ನನ್ನು ಕೇಳು, ಬಾಯಿ ಬಿಟ್ಟು ಕೇಳು.

ಕಾಗದಪತ್ರದ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಎಂಜಿನ್ ನಂಬರ್ ಇರೋದು ಬ್ಲಾಕಿನ ಮೇಲೆ, ಹೆಡ್ಡಿಗೆ ಅದರ ತೊಂದರೆಯಿಲ್ಲ. ಆದರೆ ನೀನು ಎಂಜಿನ್ನೇ ಬದಲಿಸುತ್ತಿರೋದರಿಂದ 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ನಂಬರು ಆರ್‌ಸಿಯಲ್ಲಿ ಏರಬೇಕು. ಸ್ನೇಹಿತನೇ ಆದರೂ ಬ್ಲಾಕಿಗೆ ಬಿಲ್ಲು, ಅದು ಯಾವ ಗಾಡಿಯದು ಅನ್ನೋ ದಾಖಲೆ ಪಡೆದುಕೋ. ಕೂರಿಸೋದಕ್ಕೆ ಮೊದಲೇ ಕಚೇರಿಗೆ ಹೋಗಿ ಕೇಳು. ನಂಬರು ಹೊಂದದ ಗಾಡಿ ನಾಳೆ ಎಲ್ಲಾದರೂ ಗುದ್ದಿದರೆ ಇನ್ಶೂರೆನ್ಸಿನವರು ಮೊದಲು ನೋಡೋದೇ ಅದನ್ನು.

ಕೂರಿಸುವಾಗ ಬೋಲ್ಟಿನ ತೂತುಗಳಲ್ಲಿ ಎಣ್ಣೆ, ನೀರು ನಿಂತಿರಬಾರದು, ಬಿಗಿಯುವಾಗ ಅದಕ್ಕೆ ಹೋಗೋ ದಾರಿಯಿಲ್ಲದೆ ಬ್ಲಾಕನ್ನೇ ಸೀಳಿಸುತ್ತದೆ. ಕತ್ತು ಸಣ್ಣಗಾದ ಬೋಲ್ಟು ಬಿಸಾಕು. ಟಾರ್ಕ್ ರೆಂಚು ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿಯೋರ ಹತ್ತಿರ ಈ ಕೆಲಸ ಕೊಡಬೇಡ, ಎಷ್ಟೇ ಅನುಭವ ಇದ್ದರೂ. ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ.

ಇನ್ನು ರೇಡಿಯೇಟರು. ಒಳ್ಳೆಯ ಹೆಡ್ಡು ಹುಡುಕಿ ತಂದು, ಅದನ್ನು ಹಳೇ ಕಾಯಿಲೆಯ ಮನೆಗೇ ಸೇರಿಸಿದರೆ ಆರು ತಿಂಗಳಲ್ಲಿ ಮತ್ತೆ ಗುಜರಿಯಲ್ಲಿ ನಿಲ್ಲುತ್ತೀಯ. ನಮ್ಮ ಚಿತ್ರದುರ್ಗದ ಬೋರಿನ ನೀರು ನಿನಗೆ ಗೊತ್ತೇ ಇದೆ, ಮನೆಯ ಹಂಡೆಯಲ್ಲಿ ಸುಣ್ಣದ ಪದರ ಕಟ್ಟೋ ನೀರು ಅದು. ಅದನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಒಳಗೂ ಅದೇ ಪದರ ಕಟ್ಟುತ್ತದೆ, ಕಬ್ಬಿಣದ ಬಿಸಿ ನೀರಿಗೆ ದಾಟೋದೇ ಇಲ್ಲ. ರೇಡಿಯೇಟರು ಬಿಚ್ಚಿಸಿ ರಾಡು ಹೊಡೆಸು. ವಾಟರ್ ಪಂಪು, ಬೆಲ್ಟು, ಹೋಸು ಹೊಸದು ಹಾಕು. ಕೂಲೆಂಟ್ ಹಾಕು. ಮತ್ತೆ ಥರ್ಮೋಸ್ಟ್ಯಾಟ್ ಕಿತ್ತು ಹಾಕಬೇಡ. ನಮ್ಮ ಕಡೆ ಅದೊಂದು ರೂಢಿಯಾಗಿಬಿಟ್ಟಿದೆ, ಕಿತ್ತರೆ ಎಂಜಿನ್ ತಂಪಾಗಿರುತ್ತದೆ ಅಂತ. ಅದು ಇಲ್ಲದಿದ್ದರೆ ಬೈಪಾಸಿನ ದಾರಿ ಸದಾ ತೆರೆದೇ ಇದ್ದು ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ. ಲೋಡಿನಲ್ಲಿ ಘಾಟಿ ಹತ್ತುವಾಗ ಕೈಕೊಡೋದು ಅದೇ. ಎಲ್ಲಾದರೂ ಬಿಸಿಯಾಯಿತು ಅಂದರೆ ನಿಲ್ಲಿಸಿ ಕಾಯಿ, ಎಷ್ಟು ಹೊತ್ತಾದರೂ ಕಾಯಿ. ಕಾದ ಎಂಜಿನ್ನಿಗೆ ತಣ್ಣೀರು ಮಾತ್ರ ಸುರಿಯಬೇಡ.

ಶುಕ್ರವಾರ ರಾತ್ರಿಯ ಬಸ್ಸಿಗೆ ಹೊರಟರೆ ಶನಿವಾರ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಅಲ್ಲಿರುತ್ತೀಯ. ಭಾನುವಾರಕ್ಕೆ ಇಟ್ಟುಕೊಳ್ಳಬೇಡ, ಬಹಳ ಅಂಗಡಿ ಬಾಗಿಲು ಹಾಕಿರುತ್ತವೆ. ಗ್ಯಾಸ್ಕೆಟ್, ಇಂಜೆಕ್ಟರ್, ಟಾರ್ಚು, ವರ್ನಿಯರ್, ಒಂದು ಚಾಕ್‌ಪೀಸು, ಚಿಂದಿ ಬಟ್ಟೆ. ಮಸಿ ಇರೋ ಆರು ವೃತ್ತಗಳ ಫೋಟೋ ತೆಗೆದು ಮೊದಲು ನನಗೆ ಕಳಿಸು, ನಾನು ನೋಡಿ ಫೋನು ಮಾಡಿದ ಮೇಲೆ ಮುಂಗಡದ ಮಾತು. ಸೋಮವಾರ ಲೇತಿನಲ್ಲಿ ಬೇರೆ ಕೆಲಸ ಒಪ್ಪಿಕೊಂಡಿಲ್ಲ. ಬೆಳಿಗ್ಗೆ ಎಂಟಕ್ಕೇ ತೊಟ್ಟಿಗೆ ಉರಿ ಹಾಕಿಸಿರುತ್ತೇನೆ.

ನಿನ್ನ ಮಾಮ